ಕುಲಗೋಡಕ್ಕೆ ಹೋಗದ ಮಂಗಳವಾರ

ಲಕ್ಕವ್ವ, ಆ ಮಂಗಳವಾರ ನಾನು ನಿನ್ನ ತವರು ಕುಲಗೋಡಕ್ಕೆ ಬರಲೇ ಇಲ್ಲ. ನಿನ್ನ ತೋಳಿಗೆ ಪಟ್ಟಿ ಕಟ್ಟಲಿಲ್ಲ, ಬಿಪಿ ನೋಡಲಿಲ್ಲ, ನಿನ್ನ ಕಾಲಿನ ಬಾವನ್ನು ಬೆರಳಿನಿಂದ ಒತ್ತಿ ನೋಡಲಿಲ್ಲ. ನೋಡಿದೆ ಎಂದು ಬರೆದೆ. ಬಂದಿದ್ದೆ ಎಂದು ನಿನಗೂ, ನಿನ್ನ ಅವ್ವನಿಗೂ, ನಿನ್ನ ಅತ್ತೆ-ಮಾವನಿಗೂ ಹೇಳಿದೆ. ಎಂಟು ವರ್ಷ ಅದನ್ನೇ ಹೇಳುತ್ತ ಬಂದೆ.

ಬಾಯಿಮಾತಿನಲ್ಲಿ ಹೇಳಲು ಹೋದರೆ ಎಲ್ಲೋ ಒಂದು ಕಡೆ ಜಾರಿಕೊಳ್ಳುತ್ತೇನೆ — ನನ್ನನ್ನು ನಾನು ಬಲ್ಲೆ — ಅದಕ್ಕೇ ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ನಾಲ್ಕು ಸಲ ಕುಳಿತು ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ಹಾಲು ಉಕ್ಕಿತೆಂದು, ಒಮ್ಮೆ ಯಾರೋ ಬಾಗಿಲು ಬಡಿದರೆಂದು. ಯಾರೂ ಬಡಿದಿರಲಿಲ್ಲ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ಇದನ್ನು ನೀನೊಬ್ಬಳೇ ಓದಿದರೆ ಸಾಲದು. ನಿನ್ನ ಮನೆಯವರು ಓದಬೇಕು, ಆ ಸಂಶೋಧನೆಯವರೂ ಓದಬೇಕು.

ಆಗ ನಾನು ನಿನ್ನ ಅತ್ತೆಮನೆಯ ಊರಾದ ನಾಗನೂರಿನ ಕಡೆಯ ಹಳ್ಳಿಗಳಿಗೆ ಸರಕಾರದ ಆರೋಗ್ಯ ಸಹಾಯಕಿ. ಮನೆಮನೆಗೆ ಹೋಗಿ ಬಸುರಿಯರ ಬಿಪಿ ನೋಡಿದರೆ, ಮುಂದೆ ಆಗಬಹುದಾದ ಅನಾಹುತವನ್ನು ಮೊದಲೇ ತಡೆಯಬಹುದೇ ಎಂದು ತಿಳಿಯಲು ಸರಕಾರಿ ಆರೋಗ್ಯ ಕೇಂದ್ರಗಳ ಮೂಲಕ ಒಂದು ಸಂಶೋಧನೆ ನಡೆಯುತ್ತಿತ್ತು. ನೀನು ಅದರಲ್ಲಿ ಹೆಸರು ಕೊಟ್ಟವಳು. ಸಹಿ ಮಾಡುವಾಗ ಇಡೀ ಕಾಗದವನ್ನು ಓದಿಸಿಕೊಂಡು, 'ಸೂಜಿ ಚುಚ್ಚೂದೇನಿಲ್ಲಲ್ರಿ?' ಎಂದು ಎರಡೆರಡು ಸಲ ಕೇಳಿದ್ದೆ. ವಾರಕ್ಕೊಮ್ಮೆ, ಮಂಗಳವಾರ, ನಾನೇ ಬಂದು ನೋಡಬೇಕು. ಬಸುರಿ ಎಲ್ಲಿದ್ದರೂ ಅಲ್ಲಿಗೇ ಹೋಗಬೇಕು. ಹೋಗಲಾಗದಿದ್ದರೆ ಫಾರ್ಮಿನಲ್ಲಿ ಅದಕ್ಕೂ ಒಂದು ಚೌಕವಿತ್ತು — 'ಭೇಟಿ ಆಗಲಿಲ್ಲ'. ಅದಕ್ಕೆ ಗುರುತು ಹಾಕಿ ಕಳಿಸಿದರೆ ಮರುದಿನವೇ ಬೇರೆ ಯಾರನ್ನಾದರೂ ನಿನ್ನ ಬಾಗಿಲಿಗೆ ಕಳಿಸುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೋ, ಲಕ್ಕವ್ವ. ನಿಜ ಹೇಳಲು ನನಗೆ ಜಾಗ ಮಾಡಿಕೊಟ್ಟಿದ್ದರು.

ಎಲ್ಲರಿಗೂ ಕಷ್ಟವಾಗುತ್ತಿದ್ದುದು ಬಸುರಿಯರಿಗೆ ಕುಬಸದ ಶಾಸ್ತ್ರವಾದ ಮೇಲೆ. ಉಡಿ ತುಂಬಿಸಿಕೊಂಡು ಹುಡುಗಿಯರು ತವರಿಗೆ ಹೊರಟುಬಿಡುತ್ತಾರೆ — ಒಬ್ಬಳು ಹುಕ್ಕೇರಿ ಕಡೆ, ಒಬ್ಬಳು ಮೂಡಲಗಿ ಕಡೆ. ಬಿಪಿ ಏರುವ ದಿನಗಳೂ ಅವೇ. ಉಳಿದ ಸಹಾಯಕಿಯರ ಹಾಳೆಗಳಲ್ಲಿ 'ಭೇಟಿ ಆಗಲಿಲ್ಲ' ಎಂಬ ಗುರುತುಗಳು ಎಷ್ಟೋ ಇರುತ್ತಿದ್ದವು. ನನ್ನ ಹಾಳೆಯಲ್ಲಿ ಒಂದೂ ಇರಲಿಲ್ಲ. ಸಭೆಯಲ್ಲಿ ನನ್ನ ಹಾಳೆ ಎತ್ತಿ ತೋರಿಸಿ, 'ಕಲಿತುಕೊಳ್ಳಿ' ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಕುಳಿತಿರುತ್ತಿದ್ದೆ, ಒಳಗೆ ಮಾತ್ರ ಉಬ್ಬಿ ಹೋಗುತ್ತಿದ್ದೆ. ಆ ಬಿಳಿ ಹಾಳೆಯ ಹುಚ್ಚು ಎಲ್ಲಿಗೆ ತಂದಿತು ನೋಡು.

ಆ ಮಂಗಳವಾರ ಬೆಳಿಗ್ಗೆ ನಿನ್ನ ಅವ್ವ ಬಾಳವ್ವ ಫೋನ್ ಮಾಡಿದ್ದಳು. ನೀನು ಎಂಟೂವರೆ ತಿಂಗಳ ಬಸುರಿ.

"ಕಾಲ ಬಾತಾವ್ರಿ ಅಕ್ಕಾರ. ತಲಿ ನೋವಂತ ಎದ್ದ ಕುಂಡ್ರವಲ್ಲಳು. ನಮ್ಮ ಕುರಿ ಬಾಜೂ ಊರ ಹೊಲದಾಗ ತರಬ್ಯಾವ್ರಿ, ನಾ ಹೋಗಬೇಕಾಗೇತಿ. ಹೋಗಲ್ಯೋ ಬ್ಯಾಡೋ?"

ಗೊಬ್ಬರಕ್ಕೆಂದು ಕುರಿಗಳನ್ನು ಬೇರೆಯವರ ಹೊಲದಲ್ಲಿ ತರುಬಿ ನಿಲ್ಲಿಸಿದರೆ ಯಾರಾದರೂ ಅಲ್ಲಿ ಇರಲೇಬೇಕು. ನಿನ್ನ ಅಪ್ಪ ಹೋದ ಮೇಲೆ ಆ ಕೆಲಸ ಅವಳದೇ. ಆದರೂ ಅವಳು ಹಾಗೇ ಹೊರಟುಹೋಗಲಿಲ್ಲ. ನನ್ನನ್ನು ಕೇಳಿದಳು. ನಾನು ಹೇಳಿದ್ದು ಇದು:

"ನೀವು ನಿಮ್ಮ ಕೆಲಸಕ್ಕ ಹೋಗ್ರಿ. ಇವತ್ತ ನಾ ಬರೂ ದಿನಾನ ಐತಿ. ಬಂದು ನೋಡ್ತೇನಿ, ಚಿಂತಿ ಮಾಡಬ್ಯಾಡ್ರಿ."

ಈ ಮಾತನ್ನು ನಂಬಿ ಅವಳು ಓಣಿಯ ಮುದುಕಿಯೊಬ್ಬಳಿಗೆ ರಾತ್ರಿ ಬಂದು ನಿನ್ನ ಜೊತೆ ಮಲಗಲು ಹೇಳಿ, ರೊಟ್ಟಿ ಕಟ್ಟಿಕೊಂಡು ಹೋದಳು.

ನಾನು ಗೋಕಾಕ ಬಸ್ ನಿಲ್ದಾಣಕ್ಕೆ ಬಂದೆ. ಅದೇ ದಿನ ಯಮಕನಮರಡಿಯಲ್ಲಿ ನನ್ನ ಅಣ್ಣನ ಮಗಳ ಕುಬಸ. ಮೊದಲು ಕುಲಗೋಡಕ್ಕೆ ಹೋಗಿ, ನಿನ್ನನ್ನು ನೋಡಿ, ಆಮೇಲೆ ಅಲ್ಲಿಗೆ ಹೋಗುವುದೆಂದು ಲೆಕ್ಕ ಹಾಕಿದ್ದೆ. ಕುಲಗೋಡದ ಬಸ್ಸು ಇನ್ನೂ ಬಂದಿರಲಿಲ್ಲ. ಯಮಕನಮರಡಿಯದು ಹೊರಟು ನಿಂತಿತ್ತು. ಅಷ್ಟರಲ್ಲಿ ಅತ್ತಿಗೆಯ ಫೋನ್ — ಸೋದರತ್ತೆಯಾದವಳು ನಾನು, ನಾನೇ ಮೊದಲು ಉಡಿ ತುಂಬಬೇಕು, ಹೆಂಗಸರೆಲ್ಲ ಕಾಯುತ್ತಿದ್ದಾರೆ. ಹತ್ತಿಬಿಟ್ಟೆ. ನಾಳೆ ಬೆಳಿಗ್ಗೆ ಮೊದಲು ಕುಲಗೋಡ ಎಂದುಕೊಂಡೇ ಹತ್ತಿದೆ. ಬುಧವಾರ ತಾಲ್ಲೂಕಿನಲ್ಲಿ ಸಭೆ ಇತ್ತು; ಅಂದೂ ಕುಲಗೋಡಕ್ಕೆ ಹೋಗಲಿಲ್ಲ.

ಇನ್ನೊಂದು ಮಾತಿದೆ. ಇದನ್ನು ಬರೆಯದೆ ಬಿಟ್ಟರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಯಮಕನಮರಡಿಯಲ್ಲಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದ ಅಣ್ಣನ ಮಗಳ ಕಾಲನ್ನು ನಾನು ಬಗ್ಗಿ ನೋಡಿದೆ — ಬಾವು ಬಂದಿದೆಯೇ ಎಂದು. ಬಂದಿರಲಿಲ್ಲ. ಊಟವಾದ ಮೇಲೆ ಒಳಕೋಣೆಗೆ ಕರೆದು, ಚೀಲದಲ್ಲಿದ್ದ ಯಂತ್ರ ತೆಗೆದು ಅವಳ ತೋಳಿಗೆ ಪಟ್ಟಿ ಕಟ್ಟಿದೆ. ನೂರಾ ಹನ್ನೆರಡು, ಎಪ್ಪತ್ನಾಲ್ಕು. ನಿನ್ನ ಹೆಸರಿನಲ್ಲಿ ಕೊಟ್ಟ ಯಂತ್ರದಿಂದ ನನ್ನ ಮನೆಯ ಹುಡುಗಿಯನ್ನು ನೋಡಿದೆ. ಸಂಜೆ ಫಾರ್ಮು ತುಂಬುವಾಗ ಅದೇ ಅಂಕಿಯನ್ನು ನಿನ್ನ ಹೆಸರಿನ ಮುಂದೆ ಬರೆದೆ, ಬಾವು ಇಲ್ಲ ಎಂದೂ ಬರೆದೆ. ಮನೆಯಲ್ಲೇ ಕುಳಿತು ಬರೆಯುವವರು ನೂರಾ ಹತ್ತು, ಎಪ್ಪತ್ತು ಎಂದು ಸೊನ್ನೆ ಹಚ್ಚಿ ಬರೆಯುತ್ತಾರೆ, ಅಂಥವರು ಸಿಕ್ಕಿಬೀಳುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು. ನನ್ನ ಅಂಕಿಯಲ್ಲಿ ಸೊನ್ನೆ ಇರಲಿಲ್ಲ. ಅದು ಖರೆ ಅಂಕಿ, ನಿನ್ನದಲ್ಲ ಅಷ್ಟೇ — ಹೀಗೂ ಸಮಾಧಾನ ಮಾಡಿಕೊಂಡ ದಿನಗಳಿವೆ. ಹಿಂದಿನ ಎರಡು ವಾರ ನಿನ್ನ ಬಿಪಿ ಮೆಲ್ಲಗೆ ಏರುತ್ತಿತ್ತು. ಅದೇ ಹಾಳೆಯಲ್ಲಿ, ಮೇಲಿನ ಸಾಲುಗಳಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು. ಕಣ್ಣಿಗೆ ಬಿತ್ತು. ಆದರೂ ಬರೆದೆ.

ಗುರುವಾರ ನಸುಕಿನಲ್ಲಿ ನಿನಗೆ ಫಿಟ್ಸ್ ಬಂತು. ಹಿಂದಿನ ಸಂಜೆ ಮನೆಗೆ ಮರಳಿದ್ದ ಬಾಳವ್ವನೇ ಗಾಡಿ ಹುಡುಕಿ ನಿನ್ನನ್ನು ಗೋಕಾಕಕ್ಕೆ, ಅಲ್ಲಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಒಯ್ದಳು. ನೀನು ಉಳಿದೆ. ಕೂಸು ಉಳಿಯಲಿಲ್ಲ. ಗಂಡು ಕೂಸು. ನೀನು ಅದರ ಮುಖವನ್ನೂ ನೋಡಲಿಲ್ಲ.

ಮೂರನೆಯ ದಿನ ನಿನಗೆ ಎಚ್ಚರವಾದಾಗ ನಾನು ಅಲ್ಲೇ ಇದ್ದೆ. ವಾರ್ಡಿನ ಹೊರಗೆ ನಿನ್ನ ಮಾವ ಬಾಳವ್ವನನ್ನು ನಿಲ್ಲಿಸಿಕೊಂಡು, ಎಲ್ಲರೆದುರು ಕೇಳುತ್ತಿದ್ದರು — ದಿನ ತುಂಬಿದ ಮಗಳನ್ನು ಬಿಟ್ಟು ಕುರಿಯ ಹಿಂದೆ ಹೋದೆಯಾ ಎಂದು. ಬಾಳವ್ವ ನನ್ನ ಕಡೆ ತಿರುಗಿದಳು. ಅವಳು ನನ್ನನ್ನು ಸಿಕ್ಕಿಸಲು ನೋಡಲಿಲ್ಲ, ನೆರವಿಗೆ ನೋಡಿದಳು.

"ಅಕ್ಕಾರ, ನೀವು ಬರ್ತೇನಿ ಅಂದಿದ್ರಲ್ರಿ. ಬಂದಿದ್ರಿ? ಬುಧವಾರ ಸಂಜಿಕ ಇಕಿನ್ನ ಕೇಳಿದ್ನಿ, ತಲಿ ಸಿಡಿತೈತಿ, ಮಾತಾಡಸಬ್ಯಾಡ ಅಂದ್ಲು."

"ಬಂದಿದ್ನಿ. ನೀವು ಇರಲಿಲ್ಲ. ಅವಾಗ ಬಿಪಿ ಬರೋಬರಿ ಇತ್ತು, ಬಾವೂ ಇರಲಿಲ್ಲ."

ಹೇಳಿ ಮುಗಿಸಲು ಒಂದು ಗಳಿಗೆ. ಬಾಳವ್ವ ನನ್ನ ಮಾತನ್ನು ಅನುಮಾನಿಸಲೇ ಇಲ್ಲ. 'ಹಂಗಾರ ನಾ ಇರಬೇಕಾಗಿತ್ತು' ಎಂದಳು. ಅಷ್ಟೇ ಅಂದು ಗೋಡೆಯ ಬುಡದಲ್ಲಿ ಕುಳಿತುಬಿಟ್ಟಳು. ನಾನು ಹೋಗೆಂದದ್ದಕ್ಕೇ ಹೋದವಳು ಅವಳು. ಆ ಮಾತನ್ನಾದರೂ ನಿನ್ನ ಮಾವನಿಗೆ ಹೇಳಬಹುದಿತ್ತು. ಅದನ್ನೂ ನುಂಗಿದೆ.

ಒಳಗೆ ನೀನು ಕೇಳಿದೆ, ಸಣ್ಣ ದನಿಯಲ್ಲಿ: "ನೀವು ಬಂದಿದ್ರೇನ್ರಿ ಅಕ್ಕಾರ? ನನಗ ಏನೂ ನೆನಪ ಇಲ್ರಿ."

ಫಿಟ್ಸ್ ಬಂದವರಿಗೆ ಅದರ ಹಿಂದುಮುಂದಿನ ದಿನಗಳು ಅಳಿಸಿಹೋಗುವುದುಂಟು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೂಂ ಎಂದೆ.

ಆಮೇಲಿನದು ನನಗಿಂತ ನಿನಗೇ ಹೆಚ್ಚು ಗೊತ್ತು. ನಿನ್ನ ಅತ್ತೆಮನೆಯ ಹೊಸ್ತಿಲನ್ನು ಬಾಳವ್ವ ಮತ್ತೆ ತುಳಿಯಲಿಲ್ಲ. ಎರಡನೆಯ ಸಲ ನೀನು ಬಸುರಾದಾಗ ಕುಬಸವಾಯಿತು, ತವರಿಗೆ ಕಳಿಸಲಿಲ್ಲ. ಮಗಳ ತೊಟ್ಟಿಲಿಗೂ ಅವಳನ್ನು ಕರೆಯಲಿಲ್ಲ. ಗೋಕಾಕದ ಸಂತೆಯಲ್ಲಿ ನೀನು ಮಗಳನ್ನು ಕರೆದುಕೊಂಡು ಬರುತ್ತೀಯೆಂದು ಅವಳು ಬಳೆ ಅಂಗಡಿಯ ಹತ್ತಿರ ಕಾದು ನಿಲ್ಲುವುದನ್ನು ನಾನು ಎರಡು ಸಲ ನೋಡಿದ್ದೇನೆ. ಎರಡೂ ಸಲ ದಾರಿ ಬದಲಿಸಿದ್ದೇನೆ. ನನ್ನ ಅಣ್ಣನ ಮೊಮ್ಮಗ ಈಗ ಸಾಲೆಗೆ ಹೋಗುತ್ತಾನೆ. ಅವನನ್ನು ಎತ್ತಿಕೊಂಡಾಗಲೆಲ್ಲ — ಬೇಡ, ಅದು ನನ್ನ ಸಂಕಟ, ಅದನ್ನು ನಿನ್ನ ಮುಂದೆ ಇಡುವ ಹಕ್ಕು ನನಗಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ? ತಾನಾಗಿಯೇ ನನ್ನ ಮನಸ್ಸು ಕರಗಿತು ಎಂದು ತಿಳಿಯಬೇಡ. ಹೋದ ತಿಂಗಳು ನಿನ್ನ ಮನೆಗೆ ಬಂದ ಆ ಹುಡುಗ ಡಾಕ್ಟರು ನಿನಗೆ ನೆನಪಿರಬೇಕು. ಅಂದು ಹೆಸರು ಕೊಟ್ಟಿದ್ದ ತಾಯಂದಿರು ಈಗ ಹೇಗಿದ್ದಾರೆಂದು ಆ ಸಂಶೋಧನೆಯವರು ಮತ್ತೆ ನೋಡುತ್ತಿದ್ದಾರೆ. ಮನೆ ತೋರಿಸಲು ನನ್ನನ್ನೇ ಕರೆದುಕೊಂಡು ಬಂದಿದ್ದರು. ನಿನ್ನ ಪಡಸಾಲೆಯಲ್ಲಿ ಕುಳಿತು, ಫಿಟ್ಸ್ ಬರುವ ಮುಂಚಿನ ದಿನಗಳ ಬಗ್ಗೆ ಏನಾದರೂ ನೆನಪಿದೆಯೇ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನೇ ತಾನೆ. ನೀನು ಮಾತ್ರ ನಗುತ್ತ ಹೇಳಿದೆ:

"ಆ ಮಂಗಳಾರ ಅಕ್ಕಾರು ಬಂದಿದ್ರು. ನನ್ನ ಕೈಗೆ ಪಟ್ಟಿ ಕಟ್ಟಿದ್ರು. ಬರೋಬರಿ ಐತಿ ಅಂದ್ರು. ಚಾ ಮಾಡ್ತೇನಿ ಅಂದ್ನಿ, ಬ್ಯಾಡ, ನೀ ಮಲ್ಕೋ ಅಂದು ತಲಿ ಮ್ಯಾಲ ಕೈ ಆಡಿಸಿ ಹ್ವಾದ್ರು."

ಲಕ್ಕವ್ವ, ಇಷ್ಟೆಲ್ಲ ನಾನು ನಿನಗೆ ಹೇಳಿರಲಿಲ್ಲ. ಬಂದಿದ್ದೆ ಎಂದಷ್ಟೇ ಹೇಳಿದ್ದೆ. ಖಾಲಿಯಾಗಿದ್ದ ಆ ದಿನದಲ್ಲಿ ನೀನೇ ನನ್ನನ್ನು ಕೂರಿಸಿಕೊಂಡೆ, ಚಹಾ ಕೇಳಿದೆ, ನನ್ನ ಕೈಯನ್ನು ನಿನ್ನ ತಲೆಯ ಮೇಲೆ ಇಟ್ಟುಕೊಂಡೆ. ನಿನ್ನ ನೆನಪಿನಲ್ಲಿರುವ ಆ ಒಳ್ಳೆಯ ಹೆಂಗಸು ನಾನಲ್ಲ. ಅಂಥವಳು ಆ ದಿನ ಯಾರೂ ಬರಲಿಲ್ಲ. ತಲೆ ಸಿಡಿಯುತ್ತ ನೀನೊಬ್ಬಳೇ ಮಲಗಿದ್ದೆ.

ದಾರಿಯಲ್ಲಿ ಆ ಡಾಕ್ಟರು ಉತ್ಸಾಹದಿಂದ ಹೇಳಿದರು — ಎರಡು ದಿನ ಮೊದಲು ಬಿಪಿ ಸರಿಯಿದ್ದು, ಬಾವೂ ಇಲ್ಲದೆ ಹೀಗಾಗುವುದು ಅಪರೂಪ, ಹಾಳೆಯೂ ತಾಯಿಯ ಮಾತೂ ಒಂದೇ ಇದೆ, ಇದನ್ನು ಬರೆಯಬೇಕು, ಹೊಸದಾಗಿ ಸೇರುವ ಸಹಾಯಕಿಯರಿಗೆ ಕಲಿಸಬೇಕು. ನಾನು 'ಹೂಂ ಸರ್' ಎಂದೆ. ಅಲ್ಲಿಯೂ ಹೂಂ ಎಂದೆ! ಆ ರಾತ್ರಿಯಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಮುಂದೆ ಯಾವುದೋ ಊರಿನಲ್ಲಿ ಯಾರೋ ಒಬ್ಬ ಬಾಳವ್ವ, ಕಾಲು ಬಾತಿವೆ ಎಂದು ಫೋನ್ ಮಾಡಿದಾಗ ಆ ಕಡೆಯ ಸಹಾಯಕಿ, 'ಹೋದ್ರೂ ಅಷ್ಟ, ಬಿಟ್ರೂ ಅಷ್ಟ, ಒಮ್ಮೊಮ್ಮಿ ಸುಳಿವಿಲ್ಲದ ಬರ್ತೈತಿ' ಎಂದುಕೊಂಡರೆ? ನಿನಗೆ ಸುಳಿವಿಲ್ಲದೆ ಬಂದದ್ದಲ್ಲ ಅದು. ಕಾಲು ಹೇಳಿತ್ತು, ತಲೆ ಹೇಳಿತ್ತು, ನಿನ್ನ ಅವ್ವ ಹೇಳಿದ್ದಳು.

ಆ ಡಾಕ್ಟರಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಇಲಾಖೆಗೂ ಬರೆದಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ, ನಾನು ಬೇಡ ಎನ್ನುವುದಿಲ್ಲ. ನಾನು ಬಂದಿದ್ದರೆ ಕೂಸು ಉಳಿಯುತ್ತಿತ್ತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಬರದಿದ್ದರೂ ಆ ಚೌಕಕ್ಕೆ ಗುರುತನ್ನಾದರೂ ಹಾಕಿದ್ದರೆ ಬುಧವಾರ ಒಬ್ಬರು ಬಂದು ನೋಡುತ್ತಿದ್ದರು. ಇಷ್ಟಂತೂ ಖರೆ. ಕ್ಷಮಿಸು ಎಂದು ಕೇಳುವುದಿಲ್ಲ.

ನಿನ್ನೆ ಕುಲಗೋಡಕ್ಕೆ ಹೋದೆ. ಬಾಳವ್ವ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿ ಎಂದೂ ಆಸೆಪಟ್ಟಿದ್ದೆ. ಅವಳು ಬಯ್ಯಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಕೇಳಿದಳು: "ಹಂಗಾದ್ರ ನಾ ಹೇಳಿದ್ದು ಖರೇನ ಇತ್ತು? ಆಕಿ ಕಾಲ ಬಾತಿದ್ವು?"

"ಖರೇನ ಇತ್ರಿ."

"ಇನ್ನೊಮ್ಮಿ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಈ ಕಾಗದ ಹಿಡಿದು ಇವತ್ತು ನಾನು ನಾಗನೂರಿನ ನಿನ್ನ ಮನೆಗೆ ಬರುವಾಗ ತಾನೂ ಬರುತ್ತೇನೆ ಎಂದಳು. ಇಬ್ಬರೂ ಕೂಡಿಯೇ ಒಳಗೆ ಹೋಗೋಣ ಎಂದೆ. ತಲೆ ಅಲ್ಲಾಡಿಸಿದಳು.

"ಇಲ್ರಿ. ನಾ ಬಾಗಲಾಗ ನಿಂತಿರ್ತೇನಿ. ಮೊದಲ ನೀವು ಒಳಗ ಹೋಗಿ ಎಲ್ಲಾರ ಮುಂದ ಹೇಳ್ರಿ. ನನ್ನ ಮಗಳು ಕೇಳ್ಲಿ. ಆಮ್ಯಾಲ ಆಕಿ ಕರದ್ರ ಬರ್ತೇನಿ."