ಗೋಡೆಯ ಮೇಲೆ ಕೆಂಪು ಗೆರೆ

ಮಂಜುಳಾ ಟೀಚರಿಗೆ ಹೆದರಿಕೆ ಹುಟ್ಟುಗುಣ. ನಾಯಿ ಕಂಡರೆ ದಾರಿ ಬದಲಿಸುವಳು, ಹೆಡ್‌ಮಾಸ್ತರರು ಕೆಮ್ಮಿದರೆ ಎದ್ದು ನಿಲ್ಲುವಳು. ಅತಿಥಿ ಶಿಕ್ಷಕಿ ನೋಡಿ, ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ! ಆದರೆ ಟೇಪು ಹಿಡಿದು ಏಳನೇ ತರಗತಿಯ ಮಕ್ಕಳ ಜೊತೆ ಹೊರಗೆ ಬಿದ್ದಳೆಂದರೆ ಅವಳು ಬೇರೆಯೇ ಹೆಂಗಸು. ಬೇವಿನ ಮರದ ಸುತ್ತಳತೆ, ಕಟ್ಟೆಯ ಅಗಲ, ಹೊಲದ ಬದು, ಎಲ್ಲವೂ ಅವಳಿಗೆ ಲೆಕ್ಕದ ಪಾಠವೇ.

ಅವತ್ತು ಬೀದಿಯ ನಕ್ಷೆ ಬರೆಯುವ ಪಾಠ. ಬಂಕಾಪುರಕ್ಕೆ ಹೋಗುವ ರಸ್ತೆಯ ಪಕ್ಕದ ಗೋಡೆಗಳ ಮೇಲೆ ಮೀಟರಿಗೊಂದರಂತೆ ಕೆಂಪು ಸೀಮೆಸುಣ್ಣದ ಗೆರೆ ಎಳೆಸಿದಳು. ದಿನಾ ಶಿಗ್ಗಾಂವಿಯಿಂದ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವಳಿಗೆ ಊರಿನ ಸುದ್ದಿ ಏನು ಗೊತ್ತು? ರಸ್ತೆ ಅಗಲ ಮಾಡುತ್ತಾರಂತೆ, ನಡುವಿನಿಂದ ಹನ್ನೆರಡು ಮೀಟರಿನೊಳಗೆ ಸಿಕ್ಕ ಮನೆ ಹೋಗುತ್ತದಂತೆ, ಮೊದಲು ಕೆಂಪು ಗೆರೆ ಬೀಳುತ್ತದಂತೆ ಎಂದು ಊರಿಗೆ ಊರೇ ಅನ್ನ ಸೇರದೆ ಕೂತಿತ್ತು.

ಮಧ್ಯಾಹ್ನದೊಳಗೆ ಶಾಲೆಯ ಗೇಟಿನ ಮುಂದೆ ಜನವೋ ಜನ. ಮುಂದೆ ನಿಂತವನು ಚಹಾದಂಗಡಿಯ ಗುಡ್ಡಪ್ಪ.

"ಯಾರ್ ಕಳಿಸ್ಯಾರ ನಿಮ್ಮನ್ನ? ಖರೆ ಹೇಳ್ರಿ! ಹುಡುಗ್ರ ಕೈಲೆ ಸರ್ವೆ ಮಾಡಸಾಕತ್ತೀರೇನು?"

"ಇಲ್ರೀ ಅಣ್ಣಾರ... ಲೆಕ್ಕದ ಪಾಠರೀ..." ಮಂಜುಳಾ ಕೈಯಲ್ಲಿದ್ದ ಟೇಪನ್ನು ಎತ್ತಿ ತೋರಿಸಿದಳು. ಹೆಡ್‌ಮಾಸ್ತರರೋ, ಸರಿಯಾಗಿ ಅವತ್ತೇ ಮೀಟಿಂಗಿಗೆ ಹೋಗಿದ್ದರು. ಬೇಕಾದಾಗ ಇರಬೇಕಲ್ಲ ಮನುಷ್ಯ!

ಆಗ ಅವಳ ಹಿಂದಿನಿಂದ ಗುಲ್ನಾರ ಹೊರಗೆ ಬಂದಳು. ಎಲ್ಲರಿಗಿಂತ ಚುರುಕು ಹುಡುಗಿ. "ಖರೇನ ಪಾಠ, ಗುಡ್ಡಪ್ಪ ಕಾಕಾ. ಸೀಮೆಸುಣ್ಣ ಅದು, ನೋಡ್ರಿ" ಎಂದು ಶಾಲೆಯ ಗೋಡೆಯ ಮೇಲೊಂದು ಗೆರೆ ಎಳೆದು ಅಂಗೈಯಿಂದ ಒರೆಸಿ ತೋರಿಸಿದಳು. ಜನ ಉಸಿರು ಬಿಟ್ಟರು. ಮಂಜುಳಾಳಿಗೂ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಗುಲ್ನಾರಳ ಅಜ್ಜಿ ಬಾನುಬಿ ಮುಂದೆ ಬಂದಳು.

"ಅಕ್ಕೋರ, ಅಳಿಯಾಕ ಬರತೈತಲ್ಲ ನಿಮಗ? ಹಂಗಾರ ನನ್ನ ಮನಿ ಹನ್ನೆರಡರ ಒಳಗೈತೋ ಹೊರಗೈತೋ ನೋಡಿ ಹೇಳ್ರಿ. ಕಣ್ಣಿಗೆ ನಿದ್ದಿ ಇಲ್ರೀ ನನಗ."

ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಗುಡ್ಡಪ್ಪ ಬರುವ ಗಾಡಿಗಳನ್ನು ಕೈ ಅಡ್ಡ ಮಾಡಿ ನಿಲ್ಲಿಸಿದ. ಗುಲ್ನಾರ ರಸ್ತೆಯ ನಡುವೆ ಟೇಪಿನ ತುದಿ ಹಿಡಿದು ಕೂತಳು. ಮಂಜುಳಾ ಟೇಪು ಬಿಚ್ಚುತ್ತಾ ಬಾನುಬಿಯ ಮನೆಯ ಗೋಡೆಗೆ ಬಂದು ನೋಡಿದಳು. ಬಗ್ಗಿ ಮತ್ತೊಮ್ಮೆ ನೋಡಿದಳು. ಹನ್ನೊಂದು ಮೀಟರ್ ತೊಂಬತ್ತೆರಡು.

ಮುದುಕಿ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಮಂಜುಳಾ ಯಾರಿಗೂ ಕಾಣದಂತೆ ಟೇಪನ್ನು ಇನ್ನಷ್ಟು ಬಿಟ್ಟಳು. ಅದು ನೆಲದ ಮೇಲೆ ಡೊಂಕಾಗಿ ಬಿತ್ತು. ಈಗ ಗೋಡೆಗೆ ಹನ್ನೆರಡೂ ದಾಟಿತ್ತು. ಹೇಳಿಬಿಡಲೇ? ಮುದುಕಿ ಒಂದು ರಾತ್ರಿಯಾದರೂ ಮಲಗಲಿ. ಬಾಯಿ ತೆರೆದಳು.

"ಟೀಚರ್, ಟೇಪ್ ಸಡಲ ಆಗೈತ್ರಿ!" ರಸ್ತೆಯ ನಡುವಿನಿಂದ ಗುಲ್ನಾರ ಕೂಗಿದಳು. "ಬಿಗಿ ಎಳೀರಿ!"

ಅದನ್ನು ಕಲಿಸಿದವಳು ಮಂಜುಳಾಳೇ. ಎಲ್ಲರ ಕಣ್ಣೂ ಟೇಪಿನ ಮೇಲೆ ಬಿದ್ದವು. ಮಂಜುಳಾ ಎಳೆದಳು.

"ಎಷ್ಟ್ ಬಂತ್ರಿ?"

"ಹನ್ನೊಂದು... ತೊಂಬತ್ತೆರಡು."

"ಹಂಗಾರ ಎಂಟು ಸೆಂಟಿಮೀಟರ್ ಕಮ್ಮಿ!" ಉತ್ತರ ಮೊದಲು ಹೇಳಿದ ಖುಷಿಯಲ್ಲಿ ಎದ್ದು ನಿಂತ ಹುಡುಗಿ, ಅಜ್ಜಿಯ ಮುಖ ನೋಡಿದಳು. ಟೇಪಿನ ತುದಿ ಕೈಯಿಂದ ಜಾರಿತು.

"ಎಂಟು ಸೆಂಟಿಮೀಟರ್ ಅಂದ್ರ ಎಷ್ಟ?" ಬಾನುಬಿ ಮೊಮ್ಮಗಳನ್ನು ಕೇಳಿದಳು.

ಗುಲ್ನಾರ ಹತ್ತಿರ ಬಂದು ನಾಲ್ಕು ಬೆರಳು ಜೋಡಿಸಿ ಬಾಗಿಲ ಚೌಕಟ್ಟಿನ ಮೇಲಿಟ್ಟಳು. ಮುದುಕಿ ಬಗ್ಗಿ ಆ ಬೆರಳುಗಳನ್ನೇ ನೋಡಿದಳು.

"ಇಷ್ಟಕ್ಕ ಮನಿ ಹೋಗತೈತೇನ್ರಿ, ಅಕ್ಕೋರ?"