ಅವಳು ಹಿಡಿದಿಟ್ಟ ಸೀಟು

ಬೀದರ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ಪೂರಾ ನಿಂತಿರುವುದಿಲ್ಲ, ಆಗಲೇ ಕಿಟಕಿಯಿಂದ ಕರ್ಚೀಫು ಒಳಗೆ ಬಿದ್ದಿರುತ್ತದೆ. ಕರ್ಚೀಫು ಯಾರದೋ ಸೀಟು ಅವರದು. ಎತ್ತಿ ಬಿಸಾಕಿ ಕೂತರೆ ಜಗಳ ಗ್ಯಾರಂಟಿ. ಹನ್ನೊಂದು ವರ್ಷ ನನ್ನ ಸೀಟಿನ ಮೇಲೆ ಬಿದ್ದದ್ದು ಅವಳ ಕರ್ಚೀಫು. ಕಂದು ಚೌಕಳಿಯ, ಗಂಡಸರ ದೊಡ್ಡ ಕರ್ಚೀಫು, ಅವಳ ಅಬ್ಬಾನದು.

ಅವಳು ಔರಾದದ ಉರ್ದು ಶಾಲೆಯ ಶಿಕ್ಷಕಿ. ನಾನು ಅದೇ ದಾರಿಯ ಸಂತಪುರದ ಕನ್ನಡ ಶಾಲೆಯಲ್ಲಿ. ಇಬ್ಬರೂ ಬೀದರಿನಿಂದ ದಿನಾ ಹೋಗಿ ಬರುವವರು. ಅವಳು ನನಗಿಂತ ಎಂಟು ವರ್ಷ ದೊಡ್ಡವಳು, ಆಪಾ ಎನ್ನುತ್ತಿದ್ದೆ. ಹಾಗಂತ ಮರ್ಯಾದೆ ಗಿರ್ಯಾದೆ ಏನೂ ಇಟ್ಟುಕೊಂಡಿರಲಿಲ್ಲ. ಅವಳಿಗೆ ನಾನು ಪೋರಿ. ನನ್ನ ಮಗಳು ಹೈಸ್ಕೂಲು ಸೇರಿದ ಮೇಲೂ ತುಂಬಿದ ಬಸ್ಸಿನಲ್ಲಿ ‘ಏ ಪೋರಿ, ಇಲ್ಲಿ ಬಾ’ ಎಂದು ಕೂಗುತ್ತಿದ್ದಳು.

ಒಂದು ದಿನ ನನಗೆ ತಡವಾಯಿತು, ಬಸ್ಸು ಹೋಗಿಬಿಟ್ಟಿತ್ತು. ಆಟೋ ಹಿಡಿದು ಬೆನ್ನು ಹತ್ತಿ, ಊರ ಹೊರಗಿನ ನಾಕಾದಲ್ಲಿ ಏರಿದೆ. ಒಳಗೆ ಕಾಲಿಡಲು ಜಾಗವಿಲ್ಲ. ನನ್ನ ಸೀಟು ಮಾತ್ರ ಖಾಲಿ. ನಿಂತ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅವಳು ಕರ್ಚೀಫಿನ ಮೇಲೆ ಕೈ ಊರಿ ಕೂತಿದ್ದಳು. “ನಾ ಹೇಳಿದ್ನಿಲ್ರಿ, ಬರ್ತಾಳಂತ? ಬಂದ್ಳು ನೋಡ್ರಿ ಮಹಾರಾಣಿ!” ಎಂದು ಎಲ್ಲರೆದುರು ನನ್ನ ಕಿವಿ ಹಿಂಡಿದಳು. ಸಂತಪುರ ಬರುವ ತನಕ ನಕ್ಕೆವು.

ಆಮೇಲೆ ನನಗೆ ಭಾಲ್ಕಿಗೆ ವರ್ಗವಾಯಿತು. ರೈಲಿನಲ್ಲಿ ಹೋಗಿ ಬರತೊಡಗಿದೆ. ಒಂದೇ ಊರಿನಲ್ಲಿದ್ದರೂ ಭೇಟಿ ನಿಂತು ಎಲ್ಲ ಫೋನಿಗೆ ಬಂತು. ಬೆಳಿಗ್ಗೆ ಅವಳಿಂದ ಗುಲಾಬಿ ಹೂವಿನ ಚಿತ್ರ, ನನ್ನಿಂದ ಕೈ ಮುಗಿದ ಚಿತ್ರ. ಈ ಆಯಿತವಾರ ಸಿಗೋಣ ಎನ್ನುತ್ತಿದ್ದೆವು. ಆಯಿತವಾರಗಳು ಬಂದು ಹೋದವು.

ಒಂದು ಸಂಜೆ ಚಿತ್ರದ ಬದಲು ಫೋನೇ ಬಂತು.

“ಏ ಪೋರಿ, ಎದಿಯಾಗ ಗಂಟಾಗೇದ. ಶುಕ್ರವಾರ ಹೈದರಾಬಾದ್ ದವಾಖಾನ್ಯಾಗ ರಿಪೋರ್ಟ್ ಕೊಡ್ತಾರಂತ. ಮಗಳಿಗಿ ಪರೀಕ್ಷಾ ಅದ, ಹೇಳಿಲ್ಲ. ಒಬ್ಬಾಕಿಗಿ ಹೋಗ್ಲಿಕ್ಕ ಅಂಜಿಕಿ ಬರ್ತದ. ಬರ್ತೀ?”

ಗಂಡ ತೀರಿದ ಮೇಲೆ ಎಲ್ಲವನ್ನೂ ಒಬ್ಬಳೇ ಎಳೆದವಳು. ಅಂಜಿಕೆ ಎಂಬ ಮಾತು ಅವಳ ಬಾಯಿಂದ ನಾನು ಕೇಳಿಯೇ ಇರಲಿಲ್ಲ.

“ಬರ್ತೇನಿ ಆಪಾ. ನೀ ಸೀಟ್ ಹಿಡಿ.”

“ಅದೇನ್ ಹೊಸಾದಾ?” ಎಂದು ನಕ್ಕಳು.

ಗುರುವಾರ ಸಂಜೆ ಮುಖ್ಯ ಶಿಕ್ಷಕಿ ನನ್ನನ್ನು ಕರೆದರು. “ನಾಳಿ ಸಾಲಿ ನೋಡ್ಲಿಕ್ಕ ಸಾಹೇಬ್ರು ಬರ್ತಾರ. ನೀವೇ ಇಲ್ಲಂದ್ರ ಹ್ಯಾಂಗ್ರಿ ಮೇಡಂ?” ನಾನು ಉಬ್ಬಿಹೋದೆ. ಸುಳ್ಳು ಯಾಕೆ ಹೇಳಲಿ, ರಜೆಗೆ ಸಹಿ ಬಿದ್ದಿತ್ತು, ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ. ಅವಳಿಗೆ ಆಗಲೇ ಫೋನ್ ಮಾಡಬಹುದಿತ್ತು. ಬೈಯುತ್ತಾಳೆಂದು ಹೆದರಿ, ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಭಾಲ್ಕಿಯ ರೈಲಿನಲ್ಲಿ ಕೂತು ಒಂದು ಮೆಸೇಜು ಒತ್ತಿದೆ, ಸಾಲ್ಯಾಗ ಕೆಲಸ ಬಂದದ ಆಪಾ, ಸಿಟ್ಟಾಗಬ್ಯಾಡ ಅಂತ. ಬಸ್ಸಿನಲ್ಲಿ ಅವಳು ಫೋನು ಹೊರಗೆ ತೆಗೆಯುವವಳಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿ ಹಗುರಾದೆ. ಥೂ, ನನ್ನ ಬುದ್ಧಿಗೆ ಬೆಂಕಿ ಬೀಳಲಿ!

ಸಾಹೇಬರು ಮಧ್ಯಾಹ್ನ ಬಂದು, ಚಹಾ ಕುಡಿದು, ಹತ್ತು ನಿಮಿಷಕ್ಕೆ ಹೋದರು. ನನ್ನ ಕ್ಲಾಸಿಗೆ ಹಣಕಿ ಸಹ ಹಾಕಲಿಲ್ಲ. ಸಂಜೆ ನನ್ನ ಮೆಸೇಜಿಗೆ ಎರಡು ನೀಲಿ ಗೀಟು ಬಂದವು. ಉತ್ತರ ಬರಲಿಲ್ಲ.

ಕ್ಯಾನ್ಸರ್. ಅದು ಅವಳಿಗೆ ಒಬ್ಬಳೇ ಕೂತಾಗ ತಿಳಿಯಿತು, ನನಗೆ ಹಳೆಯ ಬಸ್ಸಿನವರ ಫೋನ್ ಗುಂಪಿನಲ್ಲಿ ಯಾರೋ ಬರೆದಾಗ. ನಾಚಿಕೆಯಿಂದ ಮುಖ ತೋರಿಸಲಾಗದೆ, ಬೇಗ ಗುಣವಾಗಲಿ ಎಂದು ಹೂವಿನ ಚಿತ್ರ ಕಳಿಸಿದೆ. ಆಪರೇಷನ್ ಆಗಿ ಒಂದೂವರೆ ತಿಂಗಳ ಮೇಲೆ ಮನೆಗೆ ಹೋದೆ.

“ಬರ್ರಿ ಮೇಡಂ, ಕುಂದರ್ರಿ” ಎಂದಳು.

ತಮಾಷೆ ಎಂದು ನಕ್ಕೆ. ಅವಳು ನಗಲಿಲ್ಲ. ಶೋಕೇಸಿನ ಕಪ್ಪಿನಲ್ಲಿ ಚಹಾ ಕೊಡಿಸಿದಳು, ತಟ್ಟೆಯಲ್ಲಿ ಬಿಸ್ಕೀಟು. ಅವಳ ಡಬ್ಬಿಯಿಂದ ಕಸಿದು ತಿಂದವಳು ನಾನು, ಅವತ್ತು ಅವಳ ಮನೆಗೆ ಮೆಹಮಾನಳಾಗಿ ಕೂತಿದ್ದೆ. ಕಪ್ಪು ಇಡಲು ಅಡುಗೆಮನೆಗೆ ಹೋದಾಗ ಅವಳ ಮಗಳು ಮೆಲ್ಲಗೆ ಹೇಳಿದಳು: “ಆಂಟಿ, ಅವತ್ತ ಅಮ್ಮಿ ಜಹೀರಾಬಾದ್ ತನಕ ಸೀಟಿನ ಮ್ಯಾಲಿಂದ ಕರ್ಚೀಫ್ ತೆಗೀಲಿಲ್ಲಂತ. ಆಟೋ ಹಿಡ್ದು ಬಂದ್ ಏರ್ತಾಳ, ಅಕಿಗಿ ರೂಢಿ ಅದ ಅಂತ ಎಲ್ಲರಿಗೂ ಹೇಳ್ಕೋತ ಹೋದ್ಲಂತ. ನಿಂತವರು ಭಾಳ ಬೈದರಂತ.”

ಹೊರಗೆ ಬಂದು ‘ಆಪಾ, ತಪ್ಪಾಯ್ತು’ ಎಂದೆ. “ಅಯ್ಯ, ಅದೆಲ್ಲ ಏನಿಲ್ರಿ. ನಿಮಗ ಕೆಲಸ ಇತ್ತಲ್ಲ” ಎಂದಳು. ಚಪ್ಪಲಿ ತೆಗೆದು ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಫೋನಿನ ತುಂಬ ಗುಂಪುಗಳಿವೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಸುರಿಯುತ್ತಾರೆ. ನನ್ನ ಸಲುವಾಗಿ ಬಸ್ಸಿನಲ್ಲಿ ಬೈಗುಳ ತಿಂದವಳು ಅವಳೊಬ್ಬಳೇ.

ಈಗ ಅವಳು ಮತ್ತೆ ಔರಾದಕ್ಕೆ ಹೋಗುತ್ತಾಳೆ. ಮೊನ್ನೆ ನಾನು ರಜೆ ಹಾಕಿ, ಅವಳಿಗಿಂತ ಮುಂಚೆ ಬಸ್ ಸ್ಟ್ಯಾಂಡಿಗೆ ಹೋದೆ. ಔರಾದದಲ್ಲಿ ನನಗೇನೂ ಕೆಲಸವಿರಲಿಲ್ಲ. ಬಸ್ಸು ಬರುತ್ತಲೇ ಕಿಟಕಿಯಿಂದ ಕರ್ಚೀಫು ಎಸೆದು, ನುಗ್ಗಿ, ಎರಡು ಸೀಟು ಹಿಡಿದೆ. ಅವಳು ಏರಿದಳು.

“ಆಪಾ, ಇಲ್ಲಿ! ಕಿಟಕಿ ಕಡಿ ಹಿಡ್ದೇನಿ.”

ನೋಡಿದಳು. “ಇರ್ಲಿರಿ ಮೇಡಂ” ಎಂದು ಹಿಂದೆ ಹೋಗಿ ನಿಂತಳು. ಆಪರೇಷನ್ ಆದ ಕಡೆಯ ಕೈ ಮೇಲೆ ಏಳುವುದಿಲ್ಲ, ಇನ್ನೊಂದರಿಂದ ಕಂಬಿ ಹಿಡಿದಿದ್ದಳು. ಬಸ್ಸು ಊರು ದಾಟಿತು. ನಾನು ಕರ್ಚೀಫಿನ ಮೇಲೆ ಕೈ ಊರಿ ಕೂತೆ. ಪಕ್ಕದಲ್ಲಿ ನಿಂತ ಹೆಂಗಸು ಸಿಟ್ಟಿಗೆದ್ದಳು.

“ಯಾರ ಸಲುವಾಗಿ ಹಿಡ್ದೀರ್ರಿ?”

“ನನ್ನ ಗೆಳತಿ ಸಲುವಾಗಿರಿ. ಹಿಂದ ನಿಂತಾಳ.”

ಆ ಹೆಂಗಸು ತಿರುಗಿ ಕೂಗಿದಳು. “ಅಕ್ಕಾ, ನಿಮ್ಮ ಗೆಳತಿ ಸೀಟ್ ಹಿಡ್ದಾಳಲ್ರಿ! ಬಂದ್ ಕುಂದರ್ರಿ!”

ಅವಳು ನನ್ನತ್ತ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ನನಗಲ್ರಿ ಅದು. ಅವರು ಬ್ಯಾರೆ ಯಾರಿಗೋ ಹಿಡ್ದಾರ.”

ಹೆಂಗಸು ಕರ್ಚೀಫು ಎತ್ತಿ ನನ್ನ ತೊಡೆಯ ಮೇಲೆ ಹಾಕಿ ಕೂತಳು.