ಮೋಡದ ಪಂಡಿತರೂ ನಾನೂ

ಆಕಾಶದ ವಿಷಯದಲ್ಲಿ ನನ್ನ ತಿಳಿವಳಿಕೆ ಬಹಳ ಕಡಿಮೆ. ಕಾಫಿ ತೋಟದ ನೆರಳುಮರಗಳ ಕೆಳಗೆ ಬೆಳೆದವಳಿಗೆ ಆಕಾಶ ಸಿಗುವುದೇ ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಆದರೂ ಮೊನ್ನೆ ಪತ್ರಿಕೆಯಲ್ಲಿ ಒಂದು ಅನಿಲದ ಮೋಡದ ಸಂಗತಿ ಓದಿದಾಗಿನಿಂದ ತಂಗಮ್ಮನ ನೆನಪು ಬಿಡದೆ ಕಾಡುತ್ತಿದೆ.

ಸಾಯುವ ಕಾಲಕ್ಕೆ ಕೆಲವು ನಕ್ಷತ್ರಗಳು ಮೈಮೇಲಿನ ಅನಿಲವನ್ನೆಲ್ಲ ಹೊರಗೆ ಬಿಡುತ್ತವಂತೆ. ಹಳೆಯ ದೂರದರ್ಶಕಗಳಲ್ಲಿ ಅದು ಗ್ರಹದ ಹಾಗೆ ದುಂಡಗೆ ಕಂಡದ್ದರಿಂದ ‘ಗ್ರಹ ನೀಹಾರಿಕೆ’ ಎಂಬ ಹೆಸರು ಬಿತ್ತು. ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ದೊಡ್ಡವರು ಇಟ್ಟ ಹೆಸರು, ಯಾರು ತೆಗೆಯುತ್ತಾರೆ! ಪತ್ರಿಕೆಯ ಆ ಮೋಡವನ್ನೂ ಪಂಡಿತರು ಬಹುಕಾಲ ಇದೇ ಪಟ್ಟಿಯಲ್ಲಿಟ್ಟಿದ್ದರು. ಆಮೇಲೆ ಸರಿಯಾಗಿ ನೋಡಿದರೆ ಅಲ್ಲಿ ಯಾರೂ ಸಾಯುತ್ತಿರಲಿಲ್ಲ; ಹೊಸ ನಕ್ಷತ್ರಗಳು ಹುಟ್ಟುತ್ತಿದ್ದವು. ಅವರನ್ನು ನಾನು ಆಡಿಕೊಳ್ಳುವ ಹಾಗಿಲ್ಲ. ಕೊಡಗಿನ ಅಮ್ಮತ್ತಿಯ ಹತ್ತಿರ ನಾವೆಲ್ಲ ಒಮ್ಮೆ ಇದೇ ತಪ್ಪು ಮಾಡಿದ್ದೇವೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗೆಳತಿ ತಂಗಮ್ಮನ ಮನೆ ನಮ್ಮ ಗದ್ದೆಯ ಆಚೆಗೆ. ಎರಡು ವರ್ಷದಿಂದ ನಾವು ಮಾತು ಬಿಟ್ಟಿದ್ದೆವು. ಅವಳ ಹಂದಿ ಸಾರಿಗೆ ಹುಳಿ ಜಾಸ್ತಿ ಎಂದು ನಾನು ನಾಲ್ಕು ಜನರ ಎದುರು ಹೇಳಿದ್ದೇ ಕಾರಣ. ಹುಳಿ ಜಾಸ್ತಿಯೇ ಇತ್ತು, ಅದು ಬೇರೆ ಮಾತು. ಅವಳು ತುಂಬಿದ ಬಸುರಿ ಎಂಬ ಸುದ್ದಿ ತೋಟದ ಆಳುಗಳ ಲೈನ್ ಮನೆಯ ಹೆಂಗಸರಿಂದ ಕಿವಿಗೆ ಬಿದ್ದಿತ್ತು. ಹೋಗಿ ನೋಡಬೇಕೆಂದು ದಿನಾ ಅನ್ನಿಸುತ್ತಿತ್ತು. ಅವಳೇ ಮೊದಲು ಕರೆಯಲಿ ಎಂದು ದಿನಾ ಕೂತಿರುತ್ತಿದ್ದೆ.

ಒಂದು ಬೆಳಿಗ್ಗೆ ಕಣದಲ್ಲಿ ಕಾಫಿ ಹರವುತ್ತಿದ್ದಾಗ ಅವಳ ಮನೆಯ ಕಡೆಯಿಂದ ಎರಡು ಗುಂಡಿನ ಸದ್ದು ಬಂತು, ಒಂದರ ಹಿಂದೆ ಒಂದು. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸಾವಿನ ಮನೆಗೆ ಉಡುವ ಬಿಳಿ ಸೀರೆ ಸುತ್ತಿಕೊಂಡು, ನನ್ನ ನಾಲಿಗೆಯನ್ನು ಶಪಿಸುತ್ತ, ಗದ್ದೆಯ ಬದುವಿನ ಮೇಲೆ ಅಳುತ್ತಲೇ ಓಡಿದೆ.

ಅಷ್ಟರಲ್ಲಾಗಲೇ ಅಂಗಳದ ತುಂಬ ಬಿಳಿ ಬಟ್ಟೆಯವರು. ನಡುವೆ ತಂಗಮ್ಮನ ಮಾವ, ಮಿಲಿಟರಿಯಿಂದ ನಿವೃತ್ತರಾದ ಮುದುಕರು, ಕೋವಿ ಹಿಡಿದು ರೇಗುತ್ತಿದ್ದರು: “ಅವಳಿ ಗಂಡು ಮಕ್ಕ, ಮಾರಾಯ್ರೆ! ಕೋವಿ ಹುಡುಕುವಷ್ಟರಲ್ಲಿ ಎರಡನೆಯದೂ ಬಂತು. ಒಬ್ಬನಿಗೆ ಹೊಡೆದು ಇನ್ನೊಬ್ಬನಿಗೆ ಬಿಟ್ರೆ ನ್ಯಾಯ ಉಂಟಾ?”

ಪಂಡಿತರಿಗೆ ಒಂದು ಅನುಕೂಲ. ಮೋಡ ಎಷ್ಟೋ ದೂರ. ಪಟ್ಟಿ ತಿದ್ದಿದರೆ ಮುಗಿಯಿತು. ನಾನು ಒಳಗೆ ಹೋಗಿ ಮುಖ ತೋರಿಸಬೇಕಿತ್ತು. ತಂಗಮ್ಮ ಮಲಗಿದ್ದಲ್ಲಿಂದಲೇ ನನ್ನ ಬಿಳಿ ಸೀರೆಯನ್ನೂ ಕೆಸರು ಕಾಲನ್ನೂ ನೋಡಿದಳು.

“ಎಂತ ಮಾರಾಯ್ತಿ, ನಾನು ಸತ್ತೆ ಅಂತ ಬಂದದ್ದಾ?” ಎಂದಳು. “ಸತ್ರೆ ಓಡಿ ಬರ್ತೀಯ. ಬದುಕಿರುವಾಗ ಈ ಗದ್ದೆ ದಾಟ್ಲಿಕ್ಕೆ ಎಂತ ಆಗಿತ್ತು ನಿಂಗೆ?”

ನಾನು ಅವಳ ಪಕ್ಕದಲ್ಲಿ ಕೂತು ಮತ್ತೆ ಅತ್ತೆ; ಅವಳೂ ಅತ್ತಳು.

ಆಮೇಲೆ ನಾವು ಮುದುಕಿಯರಾಗುವವರೆಗೂ ಮಾತಾಡಿದೆವು. ಜಗಳವನ್ನೂ ಆಡಿದೆವು, ಆದರೆ ಸಂಜೆಯೊಳಗೆ ಯಾರಾದರೊಬ್ಬರು ಗದ್ದೆ ದಾಟುತ್ತಿದ್ದೆವು. ಈಗ ತಂಗಮ್ಮ ಇಲ್ಲ. ಅವಳೊಡನೆ ಕಳೆದ ಅಷ್ಟೊಂದು ವರ್ಷಗಳನ್ನು ಎಷ್ಟು ನೆನೆದರೂ ಸಾಲುವುದಿಲ್ಲ. ನಾನು ಹಾಳುಮಾಡಿದ ಆ ಎರಡು ವರ್ಷವೇ ಬೇಕು ಅನ್ನಿಸುತ್ತದೆ. ಅಷ್ಟೂ ದಿನ ಅವಳು ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಬದುಕಿದ್ದಳು.